ಅಂಬಣ್ಣನವರ ಒಣಗದ ವಾರ್ನಿಷ್

ಉಮರ್ಗಾದ ನಿವೃತ್ತ ಬಸ್ ಚಾಲಕ ಅಂಬಣ್ಣ ಮನೆಯಲ್ಲಿ ಕೂತು ಗೇಣುದ್ದದ ಕೆಂಪು ಬಸ್ಸುಗಳನ್ನು ಮಾಡುತ್ತಾರೆ. ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಬಳಿದು, ಮೈ ಗಾಜಿನಷ್ಟು ನುಣುಪಾದ ಮೇಲೆಯೇ ಊರಿನ ಹೆಸರಿನ ಸ್ಟಿಕರನ್ನು ನೀರಲ್ಲಿ ನೆನೆಸಿ ಅಂಟಿಸಬೇಕೆಂಬುದು ಅವರ ಕಾನೂನು. ಒರಟು ಮೈಯಾದರೆ ಸ್ಟಿಕರಿನಡಿ ಗಾಳಿ ಸಿಕ್ಕಿ ಬೆಳ್ಳಗೆ ಕಾಣುತ್ತದಂತೆ. ವಾರ್ನಿಷ್ ಒಣಗುವ ಎರಡು ದಿನ ಪಂಖಾ ತಿರುಗುವಂತಿಲ್ಲ, ಕಸ ಗುಡಿಸುವಂತಿಲ್ಲ, ಒಗ್ಗರಣೆಯ ಹೊಗೆ ಏಳುವಂತಿಲ್ಲ. “ನಿಮ್ಮ ಬಸ್ ಒಣಗೂತನಾ ನಾವು ಉಸರಾಡೂದು ಬಿಡಬೇಕೇನ್ರೀ?” ಎಂದು ಹೆಂಡತಿ ಚಂದ್ರಭಾಗಾ ಕೇಳಿದರೆ, “ಹೊರಗ ಹೋಗಿ ಉಸರಾಡು” ಎನ್ನುತ್ತಾರೆ. ಹೀಗೆ ಹನ್ನೊಂದು ಬಸ್ಸುಗಳು ಹೆಸರು ಹೊತ್ತು ಕಪಾಟು ಸೇರಿವೆ. ಹನ್ನೆರಡನೆಯದಕ್ಕೆ ಮಾತ್ರ ದೀಪಾವಳಿಯಿಂದ ಏಳು ಸಲ ವಾರ್ನಿಷ್ ಆಗಿದೆ. ಕೇಳಿದವರಿಗೆಲ್ಲ “ಇನ್ನಾ ಹಸಿ ಅದ ರೀ” ಎಂಬ ಒಂದೇ ಉತ್ತರ. ಅದು ಉದಗೀರ–ಉಮರ್ಗಾ ಬಸ್ಸು. ಮದುವೆಯ ಮರುದಿನ ಚಂದ್ರಭಾಗಾರನ್ನು ತವರಾದ ವಲಾಂಡಿಯಿಂದ ಅಂಬಣ್ಣ ತಾವೇ ಓಡಿಸಿಕೊಂಡು ಕರೆತಂದದ್ದು ಆ ಮಾರ್ಗದ ಬಸ್ಸಿನಲ್ಲೇ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಅದರ ಸ್ಟಿಕರ್ ಇರುವುದು ಒಂದೇ. ಅಚ್ಚು ಹಾಕಿಕೊಟ್ಟ ನಿಲಂಗಾದ ಅಂಗಡಿ ಮುಚ್ಚಿದೆ, ಹರಿದರೆ ಮತ್ತೆ ಸಿಗದು. ಅಂಬಣ್ಣನವರ ಬಲಗೈ ಆ ದೀಪಾವಳಿಯ ಹೊತ್ತಿನಿಂದಲೇ ನಡುಗುತ್ತಿದೆ. ಅದನ್ನು ಅವರು ಯಾರಿಗೂ ಹೇಳಿಲ್ಲ. ಕಳೆದ ಭಾನುವಾರ ಚಂದ್ರಭಾಗಾ ತಾವಾಗಿಯೇ ಪಂಖಾ ಆರಿಸಿದರು, ಸ್ಟಿಕರ್ ನೆನೆಸಲು ಬಟ್ಟಲಲ್ಲಿ ನೀರು ತಂದಿಟ್ಟರು, ಗಂಡನ ಬಲಗೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಪಕ್ಕದಲ್ಲಿ ಕೂತರು: “ಒಣಗ್ಯಾದ ರೀ. ಹಚ್ಚರಿ.”