ಬಾಗಿನಕ್ಕೆ ಸಿಗದ ವಿಳಾಸ

ಜಿಗಣಿಯ ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ವಿಭಾಗ. ಅಲ್ಲಿ ಎರಡು ಸಹಿ ಬೀಳದೆ ಒಂದು ಬೋಲ್ಟು ಕೂಡ ಗೇಟು ದಾಟುವುದಿಲ್ಲ, ಆ ಎರಡನೆಯ ಸಹಿ ನನ್ನದು. ಮನೆಯಲ್ಲಿ ಹೆಂಡತಿ ಕರ್ಟನ್ ಬದಲಿಸಿದರೂ ‘ನನ್ನನ್ನೊಂದು ಮಾತು ಕೇಳಿದೆಯಾ?’ ಎನ್ನುವವನು. ಇಂಥವನು ಕಳೆದ ಗೌರಿ ಹಬ್ಬದ ವಾರ ಫೋನಿನೊಳಗಿನ ಎಐ ಸಹಾಯಕನಿಗೆ ಒಂದೇ ಬೆರಳಿನಲ್ಲಿ ಸರ್ವಾಧಿಕಾರ ಕೊಟ್ಟೆ. ‘ಆರ್ಡರ್‌ಗಳ ವಿಳಾಸವನ್ನು ನಿಮ್ಮ ಪರವಾಗಿ ಬದಲಿಸಬಹುದೇ?’ ಎಂದು ಅದು ಕೇಳಿತು. ‘ಯಾವಾಗಲೂ’ ಎಂದು ಒತ್ತಿದೆ. ಪೂರ್ತಿ ಓದಲೂ ಇಲ್ಲ.

ಕಳಿಸಬೇಕಿದ್ದದ್ದು ಬಾಗಿನ. ಗೌರಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಹೋಗುವ ಜೋಡಿ ಮೊರ. ಒಳಗೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೇಳೆ, ಬೆಲ್ಲ. ಜಾಲಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಇದು ಮುಟ್ಟುವಂತೆ ಪ್ರತಿವರ್ಷ ನೋಡಿಕೊಳ್ಳುತ್ತಿದ್ದವಳು ಅಮ್ಮ. ಕಾಯಿಲೆ ಬಿದ್ದಾಗ ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲಿ, ಕಣ್ಣು ಮುಚ್ಚಿದ್ದೂ ಅಲ್ಲೇ. ಆ ವರ್ಷ ಹಬ್ಬ ಮಾಡುವಂತಿರಲಿಲ್ಲ. ಹಾಗಾಗಿ ತಮ್ಮನಾಗಿ ನಾನು ಕೊಡಬೇಕಾದ ಮೊದಲ ಬಾಗಿನ ಇದು. ಇದೂ ಹೋಗದಿದ್ದರೆ, ಅಮ್ಮನ ಜೊತೆಗೇ ತವರೂ ಮುಗಿಯಿತು ಎಂದು ಅಕ್ಕ ತಿಳಿಯಬೇಕು, ಅಷ್ಟೇ.

“ಬಾಗಿನ ಕೈಯಾರೆ ಕೊಡೋದು ಕಣ್ರೀ, ಪಾರ್ಸೆಲ್ ಮಾಡೋದಲ್ಲ,” ಎಂದಳು ಹೆಂಡತಿ.

“ಚಂದಾಪುರದಿಂದ ಜಾಲಹಳ್ಳಿ ಏನು ಪಕ್ಕದ ಬೀದಿನಾ? ರಜ ಯಾರ್ ಕೊಡ್ತಾರೆ?” ಎಂದು ಬಾಯಿ ಮುಚ್ಚಿಸಿದೆ. ಫೋನಿನಲ್ಲಿ ಹಳೆಯ ವಿಳಾಸಗಳ ನಡುವೆ ಅಕ್ಕನದು ಇತ್ತು. ಅಮ್ಮನ ಹಾಸಿಗೆಗೆ ರಬ್ಬರ್ ಶೀಟು ಕಳಿಸಿದಾಗ ಹಾಕಿದ್ದು. ಅದನ್ನೇ ತೋರಿಸಿ, ಬಾಗಿನವೊಂದನ್ನು ಆರ್ಡರ್ ಮಾಡಿ ಹಬ್ಬದ ದಿನ ಅಲ್ಲಿಗೆ ಮುಟ್ಟಿಸಪ್ಪ ಎಂದು ಸಹಾಯಕನಿಗೆ ಒಪ್ಪಿಸಿ ನಿಶ್ಚಿಂತೆಯಾಗಿದ್ದೆ.

ಹಬ್ಬದ ಬೆಳಿಗ್ಗೆ ಬಾಗಿನ ಹೇಳಿದ ಹೊತ್ತಿಗೆ ಬಂತು. ನಮ್ಮ ಮನೆಗೇ ಬಂತು. ಫೋನ್ ನೋಡಿದರೆ ಸಹಾಯಕನ ವಿನಯವೋ ವಿನಯ: ‘ಜಾಲಹಳ್ಳಿಯ ವಿಳಾಸಕ್ಕೆ ನೀವು ಬಹಳ ಕಾಲದಿಂದ ಏನನ್ನೂ ಕಳಿಸಿಲ್ಲ. ಬಳಕೆಯಲ್ಲಿಲ್ಲದ ಅದನ್ನು ಅಳಿಸಿ, ನೀವು ಹೆಚ್ಚು ಬಳಸುವ ವಿಳಾಸಕ್ಕೆ ಬದಲಿಸಿದ್ದೇನೆ. ಇನ್ನೇನಾದರೂ ಸಹಾಯ ಬೇಕೇ?’

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ‘ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ’ ಎಂದಿತು. ಏನು ಅರ್ಥವಾಗುತ್ತದೋ ಅದರ ಕರ್ಮಕ್ಕೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ನಮ್ಮ ಹಿರಿಯರು ಬಾಯಲ್ಲಿ ಹೇಳುತ್ತಿದ್ದರು, ಆದರೆ ಬಾಗಿನ ಮಾತ್ರ ತಪ್ಪಿಸುತ್ತಿರಲಿಲ್ಲ. ಈ ಮಹಾನುಭಾವ ಗಾದೆಯನ್ನು ಬಾಯಿ ಬಿಡದೆ ಜಾರಿಗೇ ತಂದಿದ್ದ. ಅಧಿಕಾರ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

“ಈಗಲಾದ್ರೂ ಎದ್ದು ಹೋಗ್ರೀ,” ಎಂದಳು ಹೆಂಡತಿ. “ತವರಿನ ಬಾಗಿನ ಕೈಗೆ ಬರೋವರೆಗೂ ನಿಮ್ಮಕ್ಕ ಊಟ ಮಾಡಲ್ಲ.”

ಕಾರ್ಖಾನೆಗೆ ಹೊಟ್ಟೆನೋವು ಎಂದು ಮೆಸೇಜು ಹಾಕಿ ಬೊಮ್ಮಸಂದ್ರದ ಮೆಟ್ರೊ ನಿಲ್ದಾಣಕ್ಕೆ ಹೋದೆ. ಸ್ಕ್ಯಾನರ್ ಬಳಿ ಸೆಕ್ಯುರಿಟಿಯ ಹೆಂಗಸು ತಡೆದಳು.

“ಏನ್ ಸಾರ್ ಇದು?”

“ಬಾಗಿನ ಮೇಡಂ.”

“ಅಕ್ಕಂಗಾ, ತಂಗಿಗಾ?”

“ಅಕ್ಕಂಗೆ.”

ಮೊರದ ಮೇಲಿನ ಬಟ್ಟೆ ಎತ್ತಿ ನೋಡಿ, ಅದನ್ನು ಯಂತ್ರದೊಳಗೆ ತಳ್ಳದೆ ಎರಡೂ ಕೈಯಲ್ಲಿ ಹಿಡಿದು ಆಚೆ ದಾಟಿಸಿದಳು. “ಬೇಗ ಹೋಗಿ ಸಾರ್, ಹೊತ್ತಾಯ್ತು.” ಅನುಮತಿ ಕೊಡುವುದು ಹೇಗೆಂದು ಆಕೆ ನನಗಿಂತ ಚೆನ್ನಾಗಿ ತಿಳಿದಿದ್ದಳು. ಮೊದಲು ಕೇಳಿದಳು, ನೋಡಿದಳು, ಆಮೇಲೆ ಬಿಟ್ಟಳು.

ದಾರಿಯಲ್ಲಿ ರೈಲು ಬದಲಿಸಿ ಜಾಲಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಮಧ್ಯಾಹ್ನ. ಆಟೋ ಹತ್ತಿದೆ. “ಎಲ್ಲಿಗೆ ಸಾರ್?” ಎಂದ ಡ್ರೈವರು. ಎಷ್ಟನೇ ಕ್ರಾಸು, ಮನೆ ನಂಬರೆಷ್ಟು, ನನಗೆ ಒಂದೂ ಗೊತ್ತಿಲ್ಲ. ಅಮ್ಮನನ್ನು ನೋಡಲು ಬರುವಾಗಲೆಲ್ಲ ಫೋನಿನಲ್ಲಿದ್ದ ಅದೇ ವಿಳಾಸವನ್ನು ಕ್ಯಾಬಿಗೆ ಹಾಕಿ, ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಈಗ ಅದೂ ಇಲ್ಲ. ಎರಡು ಸುತ್ತು ಹೊಡೆಸಿದೆ. ಎಲ್ಲ ಬೀದಿಯಲ್ಲೂ ಅದೇ ಹೊಂಗೆ ಮರ, ಅದೇ ಬಣ್ಣದ ಗೇಟು. ಕೊನೆಗೆ ಮಾನ ಬಿಟ್ಟು ಫೋನ್ ಮಾಡಿದೆ.

“ಅಕ್ಕಾ, ನಿಮ್ಮನೆ ಎಷ್ಟನೇ ಕ್ರಾಸು?”

“ಎಲ್ಲಿದೀಯೋ?”

“ಇಲ್ಲೇ, ಹಾಲಿನ ಬೂತ್ ಹತ್ರ.”

“ಅಲ್ಲೇ ನಿಂತಿರು.”

ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಗೌರಿದಾರ, ಬಿಸಿಲಿಗೆ ಬಾಡಿದ ಮುಖ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಆ್ಯಪು ನಿನ್ನ ಅಡ್ರೆಸ್ ಅಳಿಸಿಬಿಡ್ತು ಕಣಕ್ಕಾ. ನಾನು ತುಂಬಾ ದಿನದಿಂದ ಈ ಕಡೆ ಏನೂ ಕಳಿಸಿಲ್ವಂತೆ, ಅದಕ್ಕೆ.” ಕೇಳಿ ನಗುತ್ತಾಳೆ ಅಂದುಕೊಂಡಿದ್ದೆ.

“ಅದು ಸುಳ್ಳು ಹೇಳಿಲ್ವಲ್ಲೋ,” ಎಂದಳು ಅಕ್ಕ. “ಅಮ್ಮ ಹೋದ್ಮೇಲೆ ಈ ಕಡೆ ತಲೆ ಹಾಕಿದೀಯಾ ನೀನು?”

ಮೊರವನ್ನು ಅವಳ ಮುಂದೆ ಹಿಡಿದೆ. ಮನೆಗೆ ಹೋಗುವವರೆಗೂ ಅವಳು ಕಾಯಲಿಲ್ಲ. ಹಾಲಿನ ಬೂತಿನ ಮುಂದೆಯೇ ಸೆರಗು ಹಿಡಿದು ಬಾಗಿನ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡಳು.

“ನಡಿ, ಬೆಳಿಗ್ಗೆನೇ ಎರಡು ಎಲೆ ತೊಳೆದಿಟ್ಟಿದೀನಿ,” ಎಂದು ಮುಂದೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. “ಫೋನ್ ಒಳಗಿಡು. ದಾರಿ ನೋಡ್ಕೊಂಡು ಬಾ. ಬರೋ ವರ್ಷ ನಾನು ಬೂತ್ ಹತ್ರ ಬರಲ್ಲ.”