ಬಾಂದುಕಲ್ಲಿನ ಆಚೆಯ ಗುಂಡಿ

ನಾಗಮಂಗಲದ ಕಡೆ ನಮ್ಮ ಹೊಲದಡಿ ಎಂದೋ ಕೈಬಿಟ್ಟ ಕಾಗೆಬಂಗಾರದ ಗಣಿಯ ಸುರಂಗವಿದೆ. ಅದಕ್ಕೆ ಹೆದರಿ ನಾನು ಹಾರೆಯಿಂದ ನೆಲ ಕುಟ್ಟಿ, ಸದ್ದು ಕೇಳಿಯೇ ಹೆಜ್ಜೆಯಿಡುತ್ತೇನೆ. ಪಕ್ಕದ ಹೊಲದ ದೊಡ್ಡಪ್ಪನ ಮಗ, "ನಿನ್ನ ನುಂಗುದ್ರೂ ಭೂಮ್ತಾಯಿ ಉಗ್ದ್‌ಬುಡ್ತಾಳೆ ಕಣ್ಲಾ" ಎಂದು ಊರನ್ನೆಲ್ಲ ನಗಿಸುತ್ತಿದ್ದ. ಹೋದ ವರ್ಷ ಅವನು ಗಡಿಯ ಬಾಂದುಕಲ್ಲನ್ನು ಕಿತ್ತು, ಹತ್ತು ಮಾರು ನನ್ನ ಹೊಲದೊಳಗೆ ನೆಟ್ಟ. ಕೇಳಿದ್ದಕ್ಕೆ, "ಕಲ್ಲು ಮೊದ್ಲಿಂದ್ಲೂ ಅಲ್ಲೇ ಐತೆ" ಅಂದ. ಜಗಳವಾಡುವ ಧೈರ್ಯವಿಲ್ಲದೆ ಮನೆಗೆ ಬಂದು ಹಲ್ಲು ಕಡಿದೆ. ನೋವು ಬಂದದ್ದು ನನ್ನ ಹಲ್ಲಿಗೇ.

ಈ ಮುಂಗಾರಿನಲ್ಲಿ ಅವನು ಕಬಳಿಸಿದ ಆ ಪಟ್ಟಿಯೇ ಕುಸಿದು, ಬಾವಿಯಗಲದ ಗುಂಡಿಯಾಯಿತು. ಜಾಗದ ಒಡೆಯನೇ ಬೇಲಿ ಹಾಕಿ ಮುಚ್ಚಿಸಬೇಕು ಎಂದರು ತಾಲ್ಲೂಕು ಕಚೇರಿಯಿಂದ ಬಂದವರು. ಅವನು ತಕ್ಷಣ ನನ್ನತ್ತ ಕೈ ತೋರಿಸಿದ.

"ಗುಂಡಿ ಇವಂದು ಸಾ. ಕಲ್ಲು ಮೊದ್ಲು ಆ ಕಡೀಕಿತ್ತು."

"ಇಲ್ಲ ಬುಡಣ್ಣ," ಅಂದೆ. "ಕಲ್ಲು ಮೊದ್ಲಿಂದ್ಲೂ ಅಲ್ಲೇ ಐತೆ. ನೀನೇ ಅಲ್ವಾ ಯೋಳಿದ್ದು?"

ಹಾಗೆಂದೇ ಬರೆದುಕೊಟ್ಟು ಸಹಿ ಹಾಕಿದೆ. ಹತ್ತು ಮಾರು ನೆಲವನ್ನು ಇಷ್ಟು ಖುಷಿಯಿಂದ ಬಿಟ್ಟುಕೊಟ್ಟವರು ನಮ್ಮ ವಂಶದಲ್ಲೇ ಇರಲಾರರು. ಆ ಖುಷಿಯಲ್ಲಿ ಹಾರೆ ಕುಟ್ಟುವುದನ್ನೂ ಮರೆತು ನಡೆದೆ. ಹೊಲದ ನಡುವೆ ನೆನಪಾದಾಗ ಮಾತ್ರ ಅಲ್ಲೇ ನಿಂತುಬಿಟ್ಟೆ.