ಮೂರು ಸಲ ಟರ್ನಿಪ್ ಬೀಜ

ಸಂತೆಯಲ್ಲಿ ನಿಲ್ಲಿಸಿದರೆ ತಿಲ್ದಾ ವೈನಿಕ್ಕಾಳನ್ನು ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ. ಗಿಡ್ಡ ಆಳು, ಒಣಕಲು ಮೈ, ಮೂವತ್ತೆಂಟಕ್ಕೇ ನರೆತ ಕೂದಲು, ಸೀಸ ಹಿಡಿದು ಹಿಡಿದು ಕಪ್ಪಿಟ್ಟ ಬೆರಳ ತುದಿಗಳು. ಹೊರಗಿನಿಂದ ನೋಡಿದರೆ ಜೊಳ್ಳು. ಆದರೆ ನನ್ನಂಥ ಬೀಜದ ವ್ಯಾಪಾರಿ ಹೊರಗಿನಿಂದ ನೋಡಿ ಬೆಲೆ ಕಟ್ಟುವುದಿಲ್ಲ. ಫಿನ್ನರ ನಾಡಿನ ವೀಪುರಿ ಪೇಟೆಯ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಅವಳು ಅಕ್ಷರದ ಮೊಳೆ ಜೋಡಿಸುವುದನ್ನು ಕಂಡವರಿಗೆ ಸರಕು ಏನೆಂದು ತಿಳಿಯುತ್ತಿತ್ತು. ಫಿನ್ನಿಷ್ ಅವಳ ತಾಯ್ನುಡಿ. ಸ್ವೀಡಿಷ್ ಅರ್ಧಂಬರ್ಧ. ಆದರೂ ನನ್ನ ಸ್ವೀಡಿಷ್ ಜಾಹೀರಾತನ್ನು ಒಂದು ತಪ್ಪಿಲ್ಲದೆ ಜೋಡಿಸುತ್ತಿದ್ದಳು. ಹೇಗಮ್ಮಾ ಎಂದು ಕೇಳಿದರೆ, ನಿಮ್ಮ ಭಾಷೆ ನನ್ನ ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ, ದೇವರು ದೊಡ್ಡವನು ಎನ್ನುತ್ತಿದ್ದಳು.

ಅವಳ ನಿಜವಾದ ಕಸುಬು ಮಾತ್ರ ತೂತು ಮುಚ್ಚುವುದು. ಬೆಳಿಗ್ಗೆ ಪುಟ ಜೋಡಿಸಿ, ಹಸಿ ಪ್ರತಿಯನ್ನು ತಾನೇ ತೆಗೆದುಕೊಂಡು, ಅಚ್ಚಿಗೆ ಮುಂಚೆ ಸುದ್ದಿ ಜಾಲಾಡುವ ಸರ್ಕಾರಿ ಪರಿಶೀಲಕನ ಮನೆಗೆ ಹೋಗುತ್ತಿದ್ದಳು. ಆತ ನಮ್ಮವನೇ, ಹಿಂದೆ ಶಾಲೆಯಲ್ಲಿ ಪಾಠ ಹೇಳಿದವನು. ಈಗ ನಮ್ಮನ್ನಾಳುವ ರಷ್ಯದ ಚಕ್ರವರ್ತಿಯ ಸಂಬಳದಲ್ಲಿ ಕಾಫಿ ಕುಡಿಯುತ್ತ ಕೆಂಪು ಪೆನ್ಸಿಲ್ ಎಳೆಯುತ್ತಿದ್ದ. ಗೀಟು ಬಿದ್ದದ್ದನ್ನು ಕೀಳಬೇಕು, ಆದರೆ ಕಿತ್ತ ಜಾಗ ಕಾಣಬಾರದು. ಪುಟದಲ್ಲಿ ಬಿಳಿ ಬಿಟ್ಟರೆ ಅಪರಾಧ, ಚುಕ್ಕಿ ಇಟ್ಟರೂ ಅಪರಾಧ. ಪೇಟೆಯ ಜನ ಏನೂ ಕಳೆದುಕೊಂಡಿಲ್ಲವೆಂಬಂತೆ ಓದಬೇಕು.

ಅದಕ್ಕೇ ತಿಲ್ದಾ ಪರಿಶೀಲಕನ ಒಪ್ಪಿಗೆಯ ಮೊಹರು ಮೊದಲೇ ಬಿದ್ದ ಸಾಮಾನನ್ನು ಹಲಗೆಯ ಮೇಲೆ ಜೋಡಿಸಿಟ್ಟಿರುತ್ತಿದ್ದಳು: ಹಸುವಿನ ಕೆಚ್ಚಲು ಬಾವಿಗೆ ಮದ್ದು, ಕೋಸಿನ ಹುಳುವಿಗೆ ಬೂದಿ, ಮತ್ತೆ ವಿಕ್‌ಬ್ಲೂಮ್ ಅಂಗಡಿಯ ಟರ್ನಿಪ್ ಗೆಡ್ಡೆಯ ಬೀಜದ ಜಾಹೀರಾತು. ಆ ವಿಕ್‌ಬ್ಲೂಮ್ ನಾನೇ. ಪರಿಶೀಲಕ ಗೀಟು ಎಳೆದಷ್ಟೂ ನನ್ನ ಬೀಜ ಪುಕ್ಕಟೆಯಾಗಿ ಊರೆಲ್ಲ ತಿರುಗುತ್ತಿತ್ತು. ಆ ವರ್ಷಗಳಲ್ಲಿ ನಾಡು ಬಡವಾಯಿತೆಂದು ಎಲ್ಲರೂ ಅತ್ತರು. ನಾನೂ ಅತ್ತೆ, ಸ್ವಲ್ಪ ಮೆತ್ತಗೆ.

ಸಾವಿರದ ಒಂಬೈನೂರ ಎರಡರ ಜನವರಿ. ನಮ್ಮ ಹುಡುಗರನ್ನು ರಷ್ಯದ ಸೈನ್ಯಕ್ಕೆ ಎಳೆಯುವ ಆಜ್ಞೆಯನ್ನು ಪಕ್ಕದ ಊರಿನ ಪಾದ್ರಿ ಚರ್ಚಿನಲ್ಲಿ ಓದತೊಡಗಿದಾಗ, ಜನ ಕೀರ್ತನೆ ಎತ್ತಿಕೊಂಡು ಅವನ ದನಿಯನ್ನೇ ಮುಳುಗಿಸಿದ್ದರು. ಆ ಸುದ್ದಿ ಮೊದಲ ಪುಟದಲ್ಲಿ ಒಂದು ಉದ್ದ ಅಂಕಣ. ಪರಿಶೀಲಕ ಪೂರ್ತಿ ಹೊಡೆದುಹಾಕಿದ. ತಿಲ್ದಾ ಓಡೋಡಿ ಬಂದಾಗ ನಾನು ಜಾಹೀರಾತು ತಿದ್ದಿಸಲು ಅಚ್ಚುಕೂಟದಲ್ಲೇ ಕೂತಿದ್ದೆ. ಅಚ್ಚಿಗೆ ಉಳಿದದ್ದು ಅರ್ಧ ಗಂಟೆ. ಹಲಗೆಯ ಮೇಲಿನ ಮದ್ದು, ಹುಳು ಎಲ್ಲ ಆ ವಾರ ಆಗಲೇ ಖರ್ಚಾಗಿದ್ದವು. ಉಳಿದದ್ದು ಗೆಡ್ಡೆ ಒಂದೇ.

"ಮೂರು ಸಲ ಹಾಕಿಬಿಡಮ್ಮ," ಎಂದೆ. "ನನಗೇನೂ ಬೇಸರವಿಲ್ಲ."

"ನಿಮಗ್ಯಾಕೆ ಬೇಸರ ಯಜಮಾನ್ರೇ, ಪುಕ್ಕಟೆ ಅಲ್ವಾ," ಎಂದಳು. ನಕ್ಕಳು. ಹಾಕಿದಳು. ಬಿಳಿ ಜಾಗವೊಂದಕ್ಕೇ ಹೆದರಿ ಹೆದರಿ ಅಭ್ಯಾಸವಾದ ಅವಳಿಗೆ ತುಂಬಿದ ಜಾಗವೂ ಮಾತಾಡೀತೆಂದು ಹೊಳೆಯಲಿಲ್ಲ.

ಟರ್ನಿಪ್ ಬಿತ್ತುವುದು ಬೇಸಿಗೆಯ ನಡುವಿನಲ್ಲಿ. ಹೊರಗೆ ಮೊಣಕಾಲುದ್ದ ಹಿಮ. ಮೊದಲ ಪುಟದಲ್ಲಿ ಒಂದರ ಕೆಳಗೊಂದು ಮೂರು ಸಲ ಟರ್ನಿಪ್ ಬೀಜ. ಕೀರ್ತನೆಯ ಸುದ್ದಿ ಬಾಯಿಂದ ಬಾಯಿಗೆ ಆಗಲೇ ಊರು ಮುಟ್ಟಿತ್ತು; ಮಧ್ಯಾಹ್ನದೊಳಗೆ ಇಡೀ ವೀಪುರಿ ನಗುತ್ತಿತ್ತು. ಚರ್ಚಿನಲ್ಲಿ ಎಷ್ಟು ಹೊತ್ತು ಹಾಡಿದರು ಎಂದು ಒಬ್ಬ ಕೇಳಿದರೆ, ಮೂರು ಗೆಡ್ಡೆಯಷ್ಟು ಎಂದು ಇನ್ನೊಬ್ಬ ಹೇಳುತ್ತಿದ್ದ. ಸರ್ಕಾರದವರು ಸುದ್ದಿಯನ್ನು ಕ್ಷಮಿಸುತ್ತಿದ್ದರೋ ಏನೋ, ನಗುವನ್ನು ಕ್ಷಮಿಸಲಿಲ್ಲ.

ಮೂರನೇ ದಿನ ಪೊಲೀಸ್ ಕ್ಯಾಪ್ಟನ್ ನಮ್ಮಿಬ್ಬರನ್ನೂ ಕರೆಸಿದ. ಪತ್ರಿಕೆಯ ಬಾಗಿಲಿಗೆ ಕೆಲವು ವಾರಗಳ ಮಟ್ಟಿಗೆ ಆಗಲೇ ಮುದ್ರೆ ಬಿದ್ದಿತ್ತು. ಕ್ಯಾಪ್ಟನ್ ಒಳ್ಳೆಯ ಮಾತಿನಲ್ಲೇ ವ್ಯವಹಾರ ಮುಂದಿಟ್ಟ: ಇದು ಒಬ್ಬ ಕೂಲಿ ಹೆಂಗಸಿನ ತಲೆಗೆ ಹೊಳೆಯುವ ಕುಚೋದ್ಯವಲ್ಲ, ಹೇಳಿಕೊಟ್ಟವರು ಯಾರೆಂದು ತಿಳಿಸಿದರೆ ಅವಳ ಕೆಲಸ ಅವಳಿಗೆ. ಇಲ್ಲವಾದರೆ ಪ್ರಾಂತ್ಯದ ಯಾವ ಅಚ್ಚುಕೂಟದಲ್ಲೂ ಅವಳು ಮೊಳೆ ಮುಟ್ಟುವಂತಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಂಗಿ ಲೆಂಪಿ ಇದ್ದಳು. ಆ ಒಂದು ಕೂಲಿಯಲ್ಲೇ ಇಬ್ಬರ ರೊಟ್ಟಿ. ತಿಲ್ದಾ ನನ್ನ ಕಡೆ ಒಮ್ಮೆ ನೋಡಿದಳು. ವಿಕ್‌ಬ್ಲೂಮ್ ಅಂಗಡಿ ಮುಚ್ಚಿದರೆ ಗೋದಾಮಿನ ಆಳುಗಳ ಹನ್ನೊಂದು ಮನೆಗಳು ಬೀದಿಗೆ ಬೀಳುತ್ತವೆ, ನಾವು ಎರಡೇ ಬಾಯಿ ಎಂದು ಆಗ ಯೋಚಿಸಿದಳಂತೆ. ಲೆಂಪಿ ಆಮೇಲೆ ಹೇಳಿದ್ದು.

"ಯಾರೂ ಹೇಳ್ಲಿಲ್ಲ ಸ್ವಾಮಿ," ಎಂದಳು. "ಅಷ್ಟು ಜಾಗ ಇತ್ತು, ಅಷ್ಟು ಗೆಡ್ಡೆ ಹಿಡಿಸ್ತು."

ಕ್ಯಾಪ್ಟನ್ ನನ್ನತ್ತ ತಿರುಗಿ, ಇವಳು ಹೇಳುವುದು ನಿಜವೇ ಎಂದ.

"ನನಗೆ ಬೀಜದ ವಿಷಯ ಬಿಟ್ಟು ಬೇರೇನೂ ತಿಳಿಯದು," ಎಂದೆ.

ಸುಳ್ಳೂ ಅಲ್ಲ, ನಿಜವೂ ಅಲ್ಲ. ವ್ಯಾಪಾರಿಯ ಬಾಯಿಂದ ಬರುವ ಅಚ್ಚುಕಟ್ಟಾದ ಉತ್ತರ. ನನ್ನನ್ನು ಬಿಟ್ಟರು.

ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸ. ಚಳಿಗಾಲದಲ್ಲಿ ಕೊಲ್ಲಿಯ ಹಿಮಗಡ್ಡೆ ಕೊರೆದು, ಆ ಕಿಂಡಿಯ ಪಕ್ಕ ಮಂಡಿಯೂರಿ ಊರಿನ ಹಾಸುಬಟ್ಟೆಗಳನ್ನು ಅದ್ದಿ ಹಿಂಡುತ್ತಿದ್ದಳು. ಬೆರಳಿನ ಕಪ್ಪು ಒಂದೇ ಚಳಿಗಾಲದಲ್ಲಿ ಹೋಯಿತು. ಚರ್ಮವೂ ಜೊತೆಗೆ ಹೋಯಿತು. ನಾನು ಅಲ್ಲಿಗೆ ಹೋಗಿ, ಅಂಗಡಿಯಲ್ಲಿ ಬೀಜದ ಚೀಲ ಹೊಲಿಯುವ ಕೆಲಸವಿದೆ, ಬೆಚ್ಚಗಿನ ಕೋಣೆ, ಬಾ ಎಂದೆ. ಅವಳು ತಲೆ ಎತ್ತಲಿಲ್ಲ.

"ಬ್ಯಾಡಿ ಯಜಮಾನ್ರೇ. ನಿಮ್ಮಂಗಡೀಲಿ ನನ್ನ ಕಂಡ್ರೆ ಆ ಕ್ಯಾಪ್ಟನ್ನಿಗೂ ಒಂದಕ್ಕೊಂದು ಕೂಡೋಕೆ ಬರುತ್ತೆ. ಹೋಗಿ, ನಿಂತ್ರೆ ಶೀತ ಆಗುತ್ತೆ."

ನಾನು ಹೋದೆ. ಇನ್ನೊಮ್ಮೆ ಕರೆಯಲಿಲ್ಲ.

ಮೂರು ಚಳಿಗಾಲ ತಾಳಿದಳು. ಸಾವಿರದ ಒಂಬೈನೂರ ಐದರ ಮಾರ್ಚಿನಲ್ಲಿ ಎದೆಯಲ್ಲಿ ಕಫ ಕಟ್ಟಿ ಎಂಟು ದಿನಕ್ಕೆ ತೀರಿಕೊಂಡಳು. ಲೆಂಪಿಯನ್ನು ಊರಿನ ನಿರ್ಗತಿಕರ ಆಶ್ರಯಕ್ಕೆ ಸೇರಿಸಿದರು. ಅದೇ ವರ್ಷ ನವೆಂಬರಿನಲ್ಲಿ, ನಾಡೆಲ್ಲ ನಡೆದ ದೊಡ್ಡ ಮುಷ್ಕರದ ನಂತರ, ಅಚ್ಚಿಗೆ ಮುಂಚಿನ ಪರಿಶೀಲನೆ ಇಲ್ಲವೆಂದು ಸಾರಿದರು. ಪತ್ರಿಕೆ ಹಳೆಯ ಕಡತ ಬಿಚ್ಚಿ, ಹೊಡೆದುಹಾಕಿದ್ದ ಸುದ್ದಿಗಳನ್ನೆಲ್ಲ ವಾರವಿಡೀ ಹಾಕಿತು. ಚರ್ಚಿನ ಕೀರ್ತನೆಯ ಸುದ್ದಿಯೂ ಬಂತು. ಅದರ ಜಾಗ ಮುಚ್ಚಿದವಳ ಹೆಸರು ಎಲ್ಲೂ ಬರಲಿಲ್ಲ. ಬರೆಯಿಸಬಲ್ಲವನು ನಾನೊಬ್ಬನೇ ಇದ್ದೆ, ಬರೆಯಿಸಲಿಲ್ಲ.

ಕ್ಯಾಪ್ಟನ್ನನ ಕೋಣೆಯಲ್ಲಿ ಹೇಳದೆ ನುಂಗಿದ ಒಂದು ಮಾತನ್ನು ನಾನು ತಿಲ್ದಾ ವೈನಿಕ್ಕಾಳಿಗೆ ಕೊಡಬೇಕು: ಮೂರು ಸಲ ಹಾಕು ಎಂದವನು ನಾನು.